ನೆಟ್ಟಿನ ಹತ್ತಿರ ನಿಂತವರು

ಟಿವಿಯಲ್ಲಿ ಟೆನಿಸ್ ನೋಡುವಾಗ ನಾನು ಬೈಯುತ್ತೇನೆ. ಇದು ನನ್ನ ಹಳೆಯ ಚಟ. ಧಾರಾವಾಹಿ ನೋಡುತ್ತ ಅದರೊಳಗಿನ ಅತ್ತೆಯರನ್ನು ಬೈಯುವ ಹೆಂಗಸರು ನಮ್ಮ ಯಾದಗಿರಿಯಲ್ಲಿ ಓಣಿಗೊಬ್ಬರು ಸಿಗುತ್ತಾರೆ; ಟೆನಿಸ್ ಆಡುವವರನ್ನು ಬೈಯುವವಳು ನಾನೊಬ್ಬಳೇ ಇರಬೇಕು. ಮೊನ್ನೆ ಭಾನುವಾರವೂ ಹಾಗೇ ಆಯಿತು. ಫೈನಲ್ ಮ್ಯಾಚು ನಡೆದಿತ್ತು. ಎರಡೂ ಕಡೆಯ ಹುಡುಗರು ಗೆರೆಯಿಂದ ಎಷ್ಟು ಹಿಂದೆ ನಿಂತಿದ್ದರೆಂದರೆ, ಇನ್ನೊಂದು ಹೆಜ್ಜೆ ಸರಿದರೆ ಪ್ರೇಕ್ಷಕರ ತೊಡೆಯ ಮೇಲೇ ಕೂಡಬೇಕು. ಅಲ್ಲಿಂದಲೇ ಢಂ ಢಂ ಎಂದು ಹೊಡೆಯುತ್ತಿದ್ದರು. ಅಷ್ಟರಲ್ಲಿ ಒಂದು ಚೆಂಡು ಗಿಡ್ಡಗೆ ಬಿತ್ತು. ಮುಂದೆ ಅಂಗಳವೆಲ್ಲ ಖಾಲಿ. ಆ ಪುಣ್ಯಾತ್ಮ ಓಡಿ ಬಂದ, ಹೊಡೆದ, ಮತ್ತೆ ಹಿಂದಕ್ಕೇ ಓಡಿಹೋದ!

"ಅಲ್ಲೇ ನಿಂದ್ರೋ ಅಂಜುಬುರುಕಾ! ಹಿಂದೇನ ಬುತ್ತಿ ಕಟ್ಟಿಟ್ಟಾರೇನ ನಿನಗ?" ಎಂದು ನಾನು ಕೂಗಿದೆ.

ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತಲಿಲ್ಲ. ಅವರು ಕಾಲುವೆ ಇಲಾಖೆಯಲ್ಲಿ ಇಂಜಿನಿಯರ್ ಆಗಿ ನಿವೃತ್ತರಾದವರು. ಮಣ್ಣು, ನೀರು ಮತ್ತು ನಾನು, ಈ ಮೂರು ವಿಷಯದಲ್ಲಿ ಅವರ ತಾಳ್ಮೆ ದೊಡ್ಡದು. "ಅಂವಗ ಕೇಳಸಂಗಿಲ್ಲ. ಓಣಿ ಮಂದಿಗಿ ಕೇಳಸ್ತದ. ಜರಾ ಸಾವಕಾಶ ಬೈ," ಎಂದರು.

ನನ್ನ ಬೈಗುಳಕ್ಕೆ ಒಂದು ಹಿನ್ನೆಲೆ ಇದೆ. ನೀವು ಟೆನಿಸ್ ನೋಡದವರಾದರೆ ಚುಟುಕಾಗಿ ಹೇಳಿಬಿಡುತ್ತೇನೆ. ಅದರಲ್ಲಿ ಎರಡು ಬಗೆಯ ಮಂದಿ. ಹಿಂದೆ ನಿಂತು, ಚೆಂಡು ನೆಲಕ್ಕೆ ಬಿದ್ದು ಪುಟಿದ ಮೇಲೆ ಹೊಡೆಯುವವರು ಒಂದು ಬಗೆ. ನೆಟ್ಟಿನ ಹತ್ತಿರ ಬಂದು, ಚೆಂಡು ನೆಲ ಮುಟ್ಟುವ ಮೊದಲೇ ಗಾಳಿಯಲ್ಲೇ ಮುಗಿಸಿಬಿಡುವವರು ಇನ್ನೊಂದು ಬಗೆ. ಹಾಗೆ ಗಾಳಿಯಲ್ಲಿ ಹೊಡೆಯುವುದಕ್ಕೆ ವಾಲಿ ಎನ್ನುತ್ತಾರೆ. ಡಬಲ್ಸ್‌ನಲ್ಲಿ ನೆಟ್ಟಿಗೆ ಬರುವುದು ಅಂಥ ದೊಡ್ಡ ಮಾತಲ್ಲ, ಬೆನ್ನ ಹಿಂದೆ ಜೋಡಿಯವರು ಇರುತ್ತಾರೆ. ಸಿಂಗಲ್ಸ್‌ನಲ್ಲಿ ಬರುವುದಕ್ಕೆ ಗುಂಡಿಗೆ ಬೇಕು. ಎಡಕ್ಕೆ ಖಾಲಿ, ಬಲಕ್ಕೆ ಖಾಲಿ, ತಲೆಯ ಮೇಲೆ ಆಕಾಶ. ಎದುರಿನವನು ಎಲ್ಲಿ ಬೇಕಾದರೂ ಹೊಡೆಯಬಹುದು. ಅಂಥಲ್ಲಿ ಬಂದು ನಿಲ್ಲುವುದೆಂದರೆ, "ನಾ ಇಲ್ಲಿದ್ದೀನಿ, ಏನ ಮಾಡ್ತಿ ಮಾಡು" ಎಂದು ಹೇಳಿದಂತೆಯೇ. ಹಾಗೆ ಹೇಳಿದ ಎಲ್ಲರ ಮೇಲೂ ನನಗೆ ಪ್ರೀತಿ, ಅವರು ಸೋತರೂ ಪ್ರೀತಿ.

ಈಗ ಅಂಥವರು ಕಡಿಮೆಯಾದರಂತೆ. ರಾಕೆಟ್ಟಿನ ತಂತಿ ಬದಲಾಯಿತು, ಹುಲ್ಲಿನ ಅಂಗಳ ನಿಧಾನವಾಯಿತು, ಹಿಂದೆ ನಿಂತವನ ಹೊಡೆತವೇ ಗುಂಡಿನ ಹಾಗೆ ಬರುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಇರಬಹುದು. ಈಗಿನ ಕಾಲದಲ್ಲೂ ಒಳ್ಳೆಯ ಕೈಯವರು ಇದ್ದಾರೆ. ಆದರೆ ಅವರು ನೆಟ್ಟಿಗೆ ಬರುವುದು ಬಸ್ಸಿಗೆ ಹೊತ್ತಾಯಿತೆಂದು ಚಹಾನೂ ಕುಡಿಯದೆ ಎದ್ದು ಹೋಗುವ ನೆಂಟರ ಹಾಗೆ. ಆಗಿನವರು ಬಂದರೆ ಉಳಿಯುತ್ತಿದ್ದರು.

ಇಷ್ಟೆಲ್ಲ ಮಾತಾಡುವವಳು ದೊಡ್ಡ ಆಟಗಾರ್ತಿ ಇದ್ದಿರಬೇಕು ಎಂದುಕೊಂಡರೆ ಅದು ನಿಮ್ಮ ದೊಡ್ಡತನ. ಹಿಂದೆ ನಿಂತು ಪುಟಿದ ಚೆಂಡನ್ನು ಹೊಡೆಯಲು ನನಗೆ ಇವತ್ತಿಗೂ ಬರುವುದಿಲ್ಲ. ನನಗಷ್ಟೇ ಅಲ್ಲ, ನಮ್ಮ ಕ್ಯಾಂಪಿನಲ್ಲಿ ಯಾರಿಗೂ ಬರುತ್ತಿರಲಿಲ್ಲ. ಅದಕ್ಕೆ ಕಾರಣ ನಮ್ಮ ನೆಲ.

ಕುಣಿಯಲಾರದವರು ನೆಲ ಡೊಂಕು ಅಂದರಂತೆ ಎಂಬ ಗಾದೆ ನಿಮ್ಮ ಬಾಯಿಗೆ ಬಂದಿರಬೇಕು. ತಡೆಯಿರಿ, ನಮ್ಮ ನೆಲ ಖರೇನೇ ಡೊಂಕಿತ್ತು. ಅದು ಕಾಲುವೆ ಬರುತ್ತಿದ್ದ ಕಾಲ. ಹುಣಸಗಿ ಹತ್ತಿರ ಎರೆಹೊಲದ ನಡುವೆ ಕಾಲುವೆಯ ಕ್ಯಾಂಪು. ತಗಡಿನ ಕ್ವಾರ್ಟರ್ಸು, ಜೀಪು, ಟಿಪ್ಪರ್, ಹಗಲೆಲ್ಲ ದೂಳು. ನಾನು ಸುರಪುರದಲ್ಲಿ ಹುಟ್ಟಿ ಬೆಳೆದವಳು. ಶಿರವಾಳದ ಮನೆತನಕ್ಕೆ ಸೊಸೆಯಾಗಿ, ಜೆಇ ಸಾಹೇಬರ ಹೆಂಡತಿಯಾಗಿ ಆ ಕ್ಯಾಂಪಿಗೆ ಬಂದಿದ್ದೆ. ಎರೆಮಣ್ಣಿನ ಗುಣ ನಿಮಗೆ ಗೊತ್ತಿರಬೇಕು: ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಅದರ ಮೇಲೆ ನೇರವಾಗಿ ಸಿಮೆಂಟು ಹಾಸಿದರೆ ಒಂದೇ ಮಳೆಗಾಲಕ್ಕೆ ಕಾಲುವೆಯ ಬೆನ್ನು ಮುರಿಯುತ್ತದೆ. ಅದಕ್ಕೇ ಮೊದಲು ಎರೆಮಣ್ಣು ತೋಡಿ ತೆಗೆದು, ಆ ಜಾಗದಲ್ಲಿ ಗುಡ್ಡದ ಗರಸು, ಅಂದರೆ ಕಲ್ಲುಪುಡಿಯ ಮಣ್ಣು ತುಂಬಿ, ಗಟ್ಟಿ ಮಾಡಿ, ಆಮೇಲೆ ಸಿಮೆಂಟು ಹಾಕುತ್ತಾರೆ. ನಮ್ಮ ಮನೆಯವರು ಈ ಮಾತನ್ನು ಊಟಕ್ಕೆ ಕೂತಾಗಲೂ ಹೇಳುತ್ತಿದ್ದರು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದರು.

ಇಂಥ ಮಂದಿ ತಮ್ಮ ಆಟಕ್ಕೆಂದು ಟೆನಿಸ್ ಕೋರ್ಟು ಮಾಡಿದ್ದು ಎಲ್ಲಿ? ಸೀದಾ ಎರೆಮಣ್ಣಿನ ಮೇಲೆ! ದೀಪದ ಬುಡದಲ್ಲಿ ಕತ್ತಲೆ ಅಂದರೆ ಇದೇ. ಪೂರ್ತಿ ಅವರ ತಪ್ಪೆನ್ನಲಾರೆ. ಗರಸು ತುಂಬುವ ಕೆಲಸ ನಡುವಿನಿಂದ ಶುರುವಾಗಿತ್ತು. ನೆಟ್ಟಿನ ಆಕಡೆ ಈಕಡೆ ಸ್ವಲ್ಪ ದೂರ, ಅಂದರೆ ಸರ್ವಿಸ್ ಗೆರೆಯವರೆಗೆ, ಚೊಕ್ಕವಾಗಿ ತುಂಬಿ ಬಡಿದಿದ್ದರು. ಅಷ್ಟರಲ್ಲಿ ಕಾಲುವೆಗೆ ನೀರು ಬಿಡುವ ಅವಸರ ಬಂತು, ಟಿಪ್ಪರುಗಳೆಲ್ಲ ಆ ಕಡೆ ಹೋದವು. ಹೋದವು ಹೋದವೇ. ಉಳಿದ ಹಿಂಭಾಗಕ್ಕೆ ಮೇಲೆ ಮೇಲೆ ಒಂದಿಷ್ಟು ಗರಸು ಉದುರಿಸಿ, ಸುಣ್ಣದ ಗೆರೆ ಎಳೆದು, ಕಾಲುವೆ ಗೇಟಿನ ಉಳಿದ ಆ್ಯಂಗಲ್ ಕಬ್ಬಿಣವನ್ನು ಕಂಬ ಮಾಡಿ ನೆಟ್ ಕಟ್ಟಿದರು. ಪೇಡೆ ಹಂಚಿದರು. ಬೇಸಿಗೆ ಬಂದಾಗ ಹಿಂಭಾಗ ಬಾಯಿ ಬಿಟ್ಟಿತು. ಅಲ್ಲಿ ಬಿದ್ದ ಚೆಂಡು ಒಮ್ಮೆ ಎಡಕ್ಕೆ ಹೋಗುತ್ತಿತ್ತು, ಒಮ್ಮೆ ಬಲಕ್ಕೆ. ಕೆಲವೊಮ್ಮೆ ಬಿರುಕಿನಲ್ಲಿ ಸಿಕ್ಕು ಅಲ್ಲೇ ಕೂತುಬಿಡುತ್ತಿತ್ತು. ಮಳೆಗಾಲದಲ್ಲಿ ಹಿಂದೆ ಹೋದವರ ಕಾಲಿಗೆ ಇಷ್ಟಿಷ್ಟು ದಪ್ಪ ಮಣ್ಣು ಮೆತ್ತಿ ಚಪ್ಪಲಿ ಅಲ್ಲೇ ಉಳಿಯುತ್ತಿತ್ತು.

ಹೀಗಾಗಿ ನಮ್ಮಲ್ಲಿ ಆಟ ಏನಿದ್ದರೂ ಗರಸಿನ ಮೇಲೆ. ಸರ್ವಿಸ್ ಹೊಡೆದವರೇ ಜೀವ ಕೈಯಲ್ಲಿ ಹಿಡಿದು ಮುಂದಕ್ಕೆ ಓಡಬೇಕು, ತಿರುಗಿ ಬಂದ ಚೆಂಡು ನೆಲಕ್ಕೆ ಬೀಳುವ ಮೊದಲು ಹೊಡೆಯಬೇಕು. ಸಾಲದ್ದಕ್ಕೆ ನಮ್ಮ ಕಡೆಯವರೆಲ್ಲ ಬಾಲ್ ಬ್ಯಾಡ್ಮಿಂಟನ್ ಆಡಿ ಬೆಳೆದವರು. ಆ ಹಳದಿ ಉಣ್ಣೆಯ ಚೆಂಡು ನೆಲಕ್ಕೆ ಬಿದ್ದರೆ ಆಟವೇ ಮುಗಿಯಿತು. ಚೆಂಡು ಬೀಳಲಿಕ್ಕೆ ಬಿಡಬಾರದೆಂಬುದು ನಮಗೆ ಹಾಲು ಹಲ್ಲಿನಿಂದ ಬಂದ ನೇಮ. ಕ್ಯಾಂಪಿಗೆ ಹೊಸದಾಗಿ ಬಂದ ದೊಡ್ಡ ಸಾಹೇಬರು ಮೈಸೂರು ಕಡೆಯವರು. ಬಿಳಿ ಚಡ್ಡಿ, ಬಿಳಿ ಬೂಟು, ಪುಸ್ತಕದಲ್ಲಿ ಇದ್ದ ಹಾಗೆ ಆಡುವವರು. ಮೊದಲ ದಿನ ನಮ್ಮ ಆಟ ನೋಡಿ ಅವರು ತಲೆಯ ಮೇಲೆ ಕೈಹೊತ್ತು ನಿಂತರು.

"ಅಯ್ಯೋ, ಚೆಂಡು ಒಂದ್ಸಲ ನೆಲಕ್ಕೆ ಬೀಳೋಕೆ ಬಿಡ್ರಪ್ಪಾ! ಇದು ಟೆನಿಸ್ಸು ಕಣ್ರೀ!"

ಮಾಣಿಕಮ್ಮ ಅಕ್ಕ ರಾಕೆಟ್ಟನ್ನು ಬಗಲಿಗೆ ಇರುಕಿಕೊಂಡು ಕೇಳಿದರು: "ಸಾಹೇಬ್ರ, ಅಲ್ಲಿ ಬಿದ್ದ ಚೆಂಡ ಯಾವ ಕಡಿ ಹೋಗ್ತದ ನಿಮಗ ಗೊತ್ತದೇನ್ರಿ?"

"ಇಲ್ಲ."

"ನಮಗೂ ಗೊತ್ತಿಲ್ರಿ. ಅದಕ್ಕ ಬೀಳಾಕ ಬಿಡಂಗಿಲ್ಲ."

ಮಾಣಿಕಮ್ಮ ಅಕ್ಕ ಕ್ಯಾಂಪಿನ ಶಾಲೆಯ ಪಿಟಿ ಟೀಚರ್. ಗುರುಮಠಕಲ್ ಕಡೆಯವರು, ಅದಕ್ಕೇ ಅವಸರ ಬಂದಾಗ ಬಾಯಲ್ಲಿ ತೆಲುಗು. "ಪದ, ಪದ!", ಅಂದರೆ ನಡಿ ನಡಿ, ಎಂದು ಅವರು ಚಪ್ಪಾಳೆ ತಟ್ಟಿದರೆ ಮಕ್ಕಳಿರಲಿ, ಜೀಪಿನ ಡ್ರೈವರುಗಳೂ ನಡಿಗೆ ಚುರುಕು ಮಾಡುತ್ತಿದ್ದರು. ಗಟ್ಟಿ ಮೈ, ಗಟ್ಟಿ ದನಿ. ಸೀರೆಯನ್ನು ಹೊಲದ ಹೆಂಗಸರ ಹಾಗೆ ಕಚ್ಚೆ ಕಟ್ಟಿ ಕೋರ್ಟಿಗೆ ಇಳಿಯುತ್ತಿದ್ದರು. ಗಂಡ ಯಾದಗಿರಿಯಲ್ಲಿ ಕೆಲಸದಲ್ಲಿದ್ದರು, ವಾರಕ್ಕೊಮ್ಮೆ ಬರುತ್ತಿದ್ದರು; ಹಾಗಾಗಿ ಅಕ್ಕನ ಸಂಜೆಗಳೆಲ್ಲ ಕ್ಯಾಂಪಿಗೆ ಸೇರಿದ್ದವು.

ಮುಂಗಾರು ಶುರುವಾಗುವ ಹೊತ್ತಿಗೆ ದೂರದ ದೇಶದಲ್ಲಿ ಹುಲ್ಲಿನ ಮೇಲೆ ಆಡುವ ದೊಡ್ಡ ಪಂದ್ಯ ಬರುತ್ತಿತ್ತು. ಕ್ಲಬ್ಬಿನಲ್ಲಿ ಒಂದು ಟಿವಿ. ಕರೆಂಟು ಇದ್ದರೆ ಚಿತ್ರ, ಗಾಳಿ ಇಲ್ಲದಿದ್ದರೆ ಸ್ವಚ್ಛ ಚಿತ್ರ. ಆಟಗಾರರ ಹೆಸರು ನಮ್ಮ ನಾಲಿಗೆಗೆ ಹೊರಳುತ್ತಿರಲಿಲ್ಲ, ನಾವೇ ಹೆಸರಿಟ್ಟೆವು. ಜಿಗಿಯಾಂವ ಒಬ್ಬ, ನೆಲಕ್ಕೆ ಅಡ್ಡ ಬಿದ್ದಾದರೂ ಚೆಂಡು ಹೊಡೆಯುವವನು. ತಣ್ಣನ್ ಮನಿಶ್ಯಾ ಒಬ್ಬ, ಗೆದ್ದರೂ ಸೋತರೂ ಅದೇ ಮುಖ. ಹೆಂಗಸರಲ್ಲಿ ಎಡಗೈಯಾಕಿ. ಇವರಲ್ಲಿ ನೆಟ್ಟಿನ ಹತ್ತಿರ ಯಾರು ದೊಡ್ಡವರೆಂದು ನಮ್ಮಲ್ಲಿ ನಡೆದ ಜಗಳ ಊರಿನ ಯಾವ ಪಂಚಾಯ್ತಿಯಲ್ಲೂ ನಡೆದಿರಲಿಕ್ಕಿಲ್ಲ. ನಮ್ಮ ಮನೆಯವರದು ಜಿಗಿಯಾಂವನ ಪಕ್ಷ, ಸಾಹೇಬರದು ತಣ್ಣನ್ ಮನಿಶ್ಯಾನ ಪಕ್ಷ.

"ಜಿಗಿಯಾಂವ ಬೀಳ್ತಾನ, ಖರೆ. ಬೀಳೂದು ದೊಡ್ಡ ಆಟ ಏನ್ರಿ? ತಡಾ ಮಾಡಿದಾಂವ ಬೀಳ್ತಾನ," ಎಂದು ಮಾಣಿಕಮ್ಮ ಅಕ್ಕ ಇಬ್ಬರನ್ನೂ ತಳ್ಳಿಹಾಕುತ್ತಿದ್ದರು. "ಎಡಗೈಯಾಕಿನ್ನ ನೋಡ್ರಿ. ಚೆಂಡ ಬರೂಕಿಂತ ಮೊದಲ ಆಕಿ ಅಲ್ಲಿ ಬಂದು ನಿಂತಿರ್ತಾಳ. ಚೆಂಡ ಆಕೀನ್ನ ಹುಡುಕ್ಕೊಂಡು ಬರ್ತದ."

ಸಾಹೇಬರು "ಇದು ಪಾಯಿಂಟು" ಎಂದು ಒಪ್ಪಿದರು. ನಮ್ಮ ಮನೆಯವರು ಇವತ್ತಿಗೂ ಒಪ್ಪಿಲ್ಲ.

ಈಗ ನಾನು ಆ ಕೋರ್ಟಿಗೆ ಹೇಗೆ ಬಂದೆ ಎಂಬುದನ್ನು ಹೇಳಬೇಕು. ಇಷ್ಟೊತ್ತು ಹೇಳದೆ ಸುತ್ತು ಹೊಡೆದದ್ದಕ್ಕೆ ಕಾರಣವೂ ಅದೇ.

ಮದುವೆಯಾದ ಮಾರನೆಯ ವರ್ಷ ನಾನು ಚೊಚ್ಚಲ ಹೆರಿಗೆಗೆ ಸುರಪುರಕ್ಕೆ ತವರಿಗೆ ಹೋದೆ. ಹೆಣ್ಣು ಕೂಸು ಹುಟ್ಟಿತು. ತುಂಬ ಸಣ್ಣದಿತ್ತು, ಹಾಲು ಎಳೆಯಲು ಅದಕ್ಕೆ ಶಕ್ತಿ ಸಾಲದು. ದವಾಖಾನೆಯವರು ಮಾಡುವುದೆಲ್ಲ ಮಾಡಿದರು. ತೊಟ್ಟಿಲಿಗೆ ಹಾಕುವ ದಿನ ಇನ್ನೂ ಬಂದಿರಲಿಲ್ಲ, ಕೂಸು ಹೋಯಿತು. ಹೆಸರಿಡದ ಕೂಸಿಗೆ ನಮ್ಮಲ್ಲಿ ಅಷ್ಟು ದೊಡ್ಡ ಶಾಸ್ತ್ರ ಇಲ್ಲ. ಮಣ್ಣು ಮಾಡಿ ಬಂದ ಗಂಡಸರು ಕೈಕಾಲು ತೊಳೆದರು. ಹಿರಿಯರೊಬ್ಬರು "ಋಣ ಇಷ್ಟೇ ಇತ್ತು" ಎಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಮೈ ಗಟ್ಟಿಯಾದ ಮೇಲೆ ಕ್ಯಾಂಪಿಗೆ ತಿರುಗಿ ಬಂದೆ. ಎಲ್ಲರೂ ಒಳ್ಳೆಯವರೇ, ಅದನ್ನು ಮೊದಲು ಹೇಳಬೇಕು. ಅತ್ತೆ ಶಿರವಾಳದಿಂದ ಬಂದಾಗೆಲ್ಲ ತಲೆ ಸವರಿ, "ಮರತ ಬಿಡವ್ವ, ಇನ್ನೊಂದ ಆಗ್ತದ" ಎನ್ನುತ್ತಿದ್ದರು. ನೆರೆಮನೆಯವರು ತಮ್ಮ ಎಳೆಕೂಸನ್ನು ನನ್ನೆದುರು ಎತ್ತಿಕೊಂಡು ಬರುತ್ತಿರಲಿಲ್ಲ. ನಮ್ಮ ಮನೆಯವರು ಆ ಮಾತೇ ಎತ್ತುತ್ತಿರಲಿಲ್ಲ. ಬೆಳಗಾಗುತ್ತಲೇ ಕಾಲುವೆಗೆ ಹೋಗುವರು, ಸಂಜೆ ಬಂದು ನನ್ನ ಮುಖ ನೋಡಿ ನೆಲ ನೋಡುವರು. ಎಲ್ಲರೂ ಸೇರಿ ನನ್ನ ಮಗಳನ್ನು ಮರೆಯಲು ಎಷ್ಟು ಕಷ್ಟಪಡುತ್ತಿದ್ದರೆಂದರೆ, ಅವಳನ್ನು ನೆನೆಯುವ ಕೆಲಸ ನನ್ನೊಬ್ಬಳ ಮೇಲೆ ಬಿತ್ತು. ನಾನು ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತೆ. ಉಣ್ಣಲು ಎದ್ದು ಬರುತ್ತಿದ್ದೆ, ಮತ್ತೆ ಹೋಗಿ ಅಲ್ಲೇ ಕೂಡುತ್ತಿದ್ದೆ. ಬಾವಿಯ ಕಟ್ಟೆಗೂ ಹೋಗುವುದು ಬಿಟ್ಟೆ. ಸೊಸೆ ಕೈ ತಪ್ಪಿ ಹೋಗುತ್ತಾಳೆಂದು ಅತ್ತೆ ಅಡುಗೆಮನೆಯಲ್ಲಿ ಅತ್ತದ್ದು ನನಗೆ ಕೇಳಿಸಿತ್ತು, ಆದರೂ ಏಳಲು ಆಗಲಿಲ್ಲ.

ಒಂದು ಸಂಜೆ ಬಾಗಿಲಲ್ಲಿ ಗಟ್ಟಿ ದನಿ.

"ಏ ನೀಲಾ, ಏನ ಮಾಡಾಕತ್ತೀ?"

"ಏನಿಲ್ಲಕ್ಕ."

"ಏನಿಲ್ಲಂದ್ರ ಬಾ. ನನಗ ಆಡಾಕ ಜೋಡಿ ಇಲ್ಲ."

"ನನಗ ಬರಂಗಿಲ್ಲಕ್ಕ."

"ಬರ್ತಿದ್ರ ನಿನ್ನ ಯಾಕ ಕರೀತಿದ್ದೆ? ಆಟ ಬರೋರು ನನ್ನ ಸೋಲಸ್ತಾರ. ಪದ, ಪದ!"

ಮಾಣಿಕಮ್ಮ ಅಕ್ಕ ಕೈ ಹಿಡಿದು ಎಳೆದರೆ ಎತ್ತೂ ಬರಬೇಕು. ನಾನು ಬಂದೆ. ಅವರೇ ನನ್ನ ಸೀರೆಗೆ ಕಚ್ಚೆ ಹಾಕಿ, ಕೈಗೆ ರಾಕೆಟ್ಟು ಕೊಟ್ಟರು. ನಾನು ಅದನ್ನು ಎರಡೂ ಕೈಯಿಂದ ಎದೆಗೆ ಅವಚಿಕೊಂಡು, ಕೋರ್ಟಿನ ತೀರ ಹಿಂದೆ, ಬೇಲಿಗೆ ಬೆನ್ನು ತಾಗಿಸಿ ನಿಂತೆ. ಅಕ್ಕ ಒಂದು ಚೆಂಡು ಹೊಡೆದರು. ಅದು ನನ್ನ ಮುಂದೆ ಬಿದ್ದು, ಬಿರುಕಿಗೆ ತಾಗಿ, ನನಗೆ ಸಂಬಂಧವಿಲ್ಲದವರ ಹಾಗೆ ಪಕ್ಕಕ್ಕೆ ಹೋಯಿತು. ನಾನು ನೋಡುತ್ತ ನಿಂತೆ.

"ಅಷ್ಟ ಹಿಂದ ಯಾಕ ನಿಂತೀಯವ್ವ?"

"ವಿಚಾರ ಮಾಡಾಕ ಟೈಮ್ ಸಿಗ್ತದಲ್ಲಕ್ಕ."

"ಟೈಮ್ ತಗೊಂಡ ಏನ ಮಾಡ್ತಿ? ಅಲ್ಲಿ ನೆಲ ಸುಳ್ಳ ಹೇಳ್ತದ. ಮುಂದ ಬಾ." ಬಂದೆ. "ಇನ್ನಾ ಬಾ." ಇನ್ನೂ ಬಂದೆ. ನೆಟ್ಟು ಕೈಗೆ ಸಿಗುವಷ್ಟು ಹತ್ತಿರ ಬಂದಾಗ ಸಾಕು ಎಂದರು. "ಬೇರೆ ಹೆಂಗಸರ್ನ ಕರ್ಕೊಂಡು ನಾಕ ಮಂದಿ ಆಡೂಣಕ್ಕ," ಎಂದು ನಾನು ಕೊನೆಯ ದಾರಿ ಹುಡುಕಿದೆ. "ಬ್ಯಾಡ. ಜೋಡಿ ಇದ್ರ ಆಕಿ ಹಿಂದ ಹೋಗಿ ಅಡಗತಿ. ಒಬ್ಬಾಕೀನ ನಿಂದ್ರು," ಎಂದರು.

ನೆಟ್ಟಿನ ಹತ್ತಿರ ನಿಂತವಳಿಗೆ ಗೋಡೆ ನೋಡುವಷ್ಟು ಪುರಸತ್ತು ಇರುವುದಿಲ್ಲ. ಚೆಂಡು ಹೊರಟಿತು ಅನ್ನುವುದರೊಳಗೆ ಮೂಗಿನ ಮುಂದೆ ಬಂದಿರುತ್ತದೆ. ಮೊದಲ ವಾರ ಹೊಡೆದದ್ದಕ್ಕಿಂತ ಹೊಡೆಸಿಕೊಂಡದ್ದೇ ಹೆಚ್ಚು. ಒಂದು ಚೆಂಡು ಹಣೆಗೆ ಬಡಿದು ಕುಂಕುಮ ಅದಕ್ಕೇ ಅಂಟಿತು; ಅಕ್ಕ ಆ ಚೆಂಡನ್ನು ಎತ್ತಿ ಹಿಡಿದು, "ನೋಡ್ರಿ, ಮುತ್ತೈದಿ ಚೆಂಡು!" ಎಂದು ಎಲ್ಲರಿಗೂ ತೋರಿಸಿದರು. ಆಮೇಲೆ ಕೈ ತಾನೇ ಮುಂದೆ ಹೋಗುವುದನ್ನು ಕಲಿಯಿತು. ಈಗಲೂ ಅಡುಗೆಮನೆಯಲ್ಲಿ ಕಟ್ಟೆಯಿಂದ ಲಿಂಬೆಹಣ್ಣು ಉರುಳಿದರೆ ನಾನು ಅದು ಬೀಳುವ ಮೊದಲು ಹಿಡಿಯುತ್ತೇನೆ. ಕುದಿಯುವ ಹಾಲಿನ ಪಾತ್ರೆಯ ಮುಚ್ಚಳವನ್ನೂ ಒಮ್ಮೆ ಹಾಗೇ ಹಿಡಿದು ಬೆರಳು ಸುಟ್ಟುಕೊಂಡಿದ್ದೇನೆ. ವಿದ್ಯೆ ಒಮ್ಮೆ ಬಂದರೆ ಬುದ್ಧಿಯನ್ನು ಕೇಳಿ ಕೆಲಸ ಮಾಡುವುದಿಲ್ಲ.

ಒಂದು ಸಂಜೆ ಆಡಿ ಬಂದು ಕಾಲು ತೊಳೆಯುತ್ತಿದ್ದೆ. ಆಗ ಥಟ್ಟನೆ ಹೊಳೆಯಿತು. ಆಡಿದಷ್ಟೂ ಹೊತ್ತು ನಾನು ಕೂಸನ್ನು ನೆನೆದಿರಲಿಲ್ಲ. ಹಗುರಾಗಬೇಕಿತ್ತು. ಆದರೆ ಹೆದರಿ ಹೋದೆ. ಹೆಸರಿಲ್ಲದ ಕೂಸು ಅದು, ಅದರ ಮುಖ ಸರಿಯಾಗಿ ಕಂಡವಳು ನಾನೊಬ್ಬಳು. ನಾನೂ ಮರೆತರೆ ಅದು ಹುಟ್ಟಿಯೇ ಇರಲಿಲ್ಲ ಎಂದಾಗುವುದಿಲ್ಲವೇ? ಮರುದಿನ ಕೋರ್ಟಿಗೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಮತ್ತೆ ಹಿಂದಿನ ಕೋಣೆ, ಅದೇ ಗೋಡೆ.

ಅಕ್ಕ ಬಂದರು. ಈ ಸಲ ಕೈ ಹಿಡಿದು ಎಳೆಯಲಿಲ್ಲ. ನನ್ನ ಪಕ್ಕ ನೆಲದ ಮೇಲೆ ಕೂತು, ಅವರೂ ಗೋಡೆ ನೋಡಿದರು. ಕೊನೆಗೆ ನಾನೇ ಹೇಳಿದೆ. "ಆಡೋ ಮುಂದ ಆಕಿ ಮರತ ಹೋಗ್ತಾಳಕ್ಕ. ನಾ ಬರಂಗಿಲ್ಲ."

"ಮರತ ಬಿಡು ಅಂತ ನಾ ಯಾವತ್ತರ ನಿನಗ ಹೇಳೀನೇನ?"

ನೆನೆದು ನೋಡಿದೆ. ಊರೆಲ್ಲ ಹೇಳಿದ ಆ ಮಾತನ್ನು ಅವರೊಬ್ಬರು ಹೇಳಿರಲಿಲ್ಲ.

"ಆಡೋ ಮುಂದ ಚೆಂಡ ನೋಡು. ಮನಿಗಿ ಬಂದ ಮ್ಯಾಲ ಆಕಿ ಇರ್ತಾಳ. ಎಲ್ಲಿ ಹೋಗ್ತಾಳ? ತಾಸೊತ್ತು ಅವ್ವ ಆಡಾಕ ಹೋದ್ರ ಯಾವ ಮಗಳು ಸಿಟ್ಟ ಮಾಡ್ತಾಳವ್ವ? ಎರಡೂ ಇರ್ಲಿ ನೀಲಾ. ಎರಡೂ ಇರ್ಲಿ."

ಅವತ್ತು ನಾನು ಅವರ ತೊಡೆಯ ಮೇಲೆ ತಲೆ ಇಟ್ಟು ಮನಸಾರೆ ಅತ್ತೆ. ಅತ್ತು ಮುಗಿದ ಮೇಲೆ ಅವರು ನನ್ನ ಸೆರಗಿನಿಂದಲೇ ನನ್ನ ಮುಖ ಒರೆಸಿ, "ಇನ್ನಾ ಬೆಳಕದ. ಪದ," ಎಂದರು. ಹೋದೆವು. ಈ ಜನ್ಮದಲ್ಲಿ ನನಗೆ ಬಹಳ ಮಂದಿ ಬುದ್ಧಿ ಹೇಳಿದ್ದಾರೆ. ಇಷ್ಟು ಉಪಕಾರ ಮಾಡಿದ ಮಾತು ಇನ್ನೊಂದಿಲ್ಲ.

ಆಮೇಲೆ ಬೇರೆ ಹೆಂಗಸರೂ ಒಬ್ಬೊಬ್ಬರಾಗಿ ಬಂದರು, ಸಂಜೆಯ ಮೊದಲ ಪಾಳಿ ಹೆಂಗಸರದೆಂದು ತಾನೇ ಆಯಿತು. ಒಂದು ದಿನ ದೊಡ್ಡ ಸಾಹೇಬರು ಬಿಳಿ ಬೂಟು ಹಾಕಿಕೊಂಡು ಬೇಗ ಬಂದರು. "ಯಾರಾದ್ರೂ ನನ್ನ ಜೊತೆ ಒಂದು ಸೆಟ್ ಸಿಂಗಲ್ಸ್ ಆಡ್ತೀರಾಮ್ಮಾ?" ಎಂದು ಕೇಳಿದರು. ಮಾಣಿಕಮ್ಮ ಅಕ್ಕ ನನ್ನ ಬೆನ್ನಿಗೆ ಕೈ ಇಟ್ಟು ಮುಂದೆ ನೂಕಿದರು. ನಮ್ಮ ಮನೆಯವರು ಆಗಷ್ಟೇ ಜೀಪಿನಿಂದ ಇಳಿದಿದ್ದರು. ಮೇಲಧಿಕಾರಿಯ ಎದುರು ಹೆಂಡತಿ ಕಚ್ಚೆ ಬಿಗಿದು ನಿಂತದ್ದನ್ನು ನೋಡಿ ಅವರಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಸಾಹೇಬರು ಪುಸ್ತಕದಂತೆ ಹಿಂದೆ ನಿಂತರು. ನಾನು ನೆಟ್ಟಿಗೆ ಅಂಟಿಕೊಂಡೆ. ಅವರು ಚೆಂದದಿಂದ ತಿರುಗಿಸಿ ಹೊಡೆದದ್ದನ್ನು ನಾನು ರಾಕೆಟ್ಟು ಅಡ್ಡ ಹಿಡಿದು ತಡೆದೆ, ಅಷ್ಟೇ. ಅದು ಅವರ ಕಡೆಯ ಬಿರುಕಿನಲ್ಲಿ ಹೋಗಿ ಬಿತ್ತು. ಮತ್ತೊಂದು ಬಿತ್ತು. ಸಾಹೇಬರು ಬಿರುಕಿಗೆ ಕೈ ಹಾಕಿ ಚೆಂಡು ತೆಗೆಯುತ್ತ, "ಈ ಕೋರ್ಟಿನ ಎಸ್ಟಿಮೇಟ್ ಮಾಡಿದ್ದು ಯಾರ್ರೀ?" ಎಂದರು. ನಮ್ಮ ಮನೆಯವರು ಆಕಾಶ ನೋಡಿದರು. ಆಮೇಲೆ ಸಾಹೇಬರು ಜಾಣತನ ತೋರಿಸಿ ನನ್ನ ತಲೆಯ ಮೇಲಿಂದ ಚೆಂಡನ್ನು ಎತ್ತರಕ್ಕೆ ತೇಲಿಸಿದರು. ಮುಂದೆ ನಿಂತವರಿಗೆ ಅದೇ ಶನಿ. ನಾನು ಮೇಲೆ ನೋಡುತ್ತ ಹಿಂದೆ ಓಡಿದೆ, ಗರಸು ದಾಟಿದೆ, ಬಿರುಕಿನಲ್ಲಿ ಕಾಲಿಟ್ಟೆ, ಧೊಪ್ಪೆಂದು ಕೂತುಬಿಟ್ಟೆ. ಚೆಂಡು ಬಂದು ನನ್ನ ಮಡಿಲಲ್ಲಿ ಬಿತ್ತು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಮಡಿಲು ಎಂಬ ಮಾತನ್ನು ನನ್ನೆದುರು ಯಾರೂ ಆಡುತ್ತಿರಲಿಲ್ಲ ನೋಡಿ. ನಾನು ಮಡಿಲಲ್ಲಿದ್ದ ಚೆಂಡು ನೋಡಿದೆ, ಬಿಳಿ ಬೂಟಿನ ಸಾಹೇಬರು ಗಾಬರಿಯಿಂದ ಓಡಿ ಬರುವುದನ್ನು ನೋಡಿದೆ. "ಸಾಹೇಬ್ರ, ಚೆಂಡ ನೆಲಕ್ಕ ಬಿದ್ದಿಲ್ರಿ!" ಎಂದೆ. ಎಂದವಳೇ ನಗತೊಡಗಿದೆ. ಹೊಟ್ಟೆ ಹಿಡಿದು, ಕೂತಲ್ಲೇ, ನಿಲ್ಲಿಸಲಾಗದೆ ನಕ್ಕೆ. ಕೂಸು ಹೋದ ಮೇಲೆ ಅದೇ ನನ್ನ ಮೊದಲ ನಗು. ಕಂಬದ ಹತ್ತಿರ ನಿಂತಿದ್ದ ನಮ್ಮ ಮನೆಯವರು ಮುಖ ಆಕಡೆ ತಿರುಗಿಸಿಕೊಂಡು ಕರವಸ್ತ್ರ ತೆಗೆದರು. ಮನೆಗೆ ಬಂದ ಮೇಲೆ, "ದೂಳು ಬಾಳ ಇತ್ತು," ಎಂದರು. ಸೆಟ್ ಸಾಹೇಬರೇ ಗೆದ್ದರು. ಆದರೆ ಮುಂದಿನ ವಾರದಿಂದ ಅವರೂ ಸರ್ವಿಸ್ ಹೊಡೆದು ನಾಚಿಕೊಳ್ಳುತ್ತ ಮುಂದೆ ಬರತೊಡಗಿದರು.

ಕಾಲುವೆಗೆ ನೀರು ಬಂದ ವರ್ಷವೇ ಮಾಣಿಕಮ್ಮ ಅಕ್ಕನಿಗೆ ವರ್ಗವಾಯಿತು, ಗುರುಮಠಕಲ್ ಕಡೆಯ ಶಾಲೆಗೆ. ಹೊರಡುವ ಹಿಂದಿನ ಸಂಜೆ ಆಡಲು ಯಾರಿಗೂ ಮನಸ್ಸಾಗಲಿಲ್ಲ. ನಾವಿಬ್ಬರೂ ಕೋರ್ಟಿನ ಬದಿಗಿದ್ದ ಕಲ್ಲಿನ ಮೇಲೆ ಕೂತಿದ್ದೆವು. ಉಳಿದವರು ಪಾತ್ರೆ ಪಡಗ ಕಟ್ಟಲು ಅವರ ಮನೆಯಲ್ಲಿದ್ದರು. ನನಗೆ ಧನ್ಯವಾದ ಹೇಳಬೇಕಿತ್ತು. ನಮ್ಮ ಕಡೆ ಆ ಶಬ್ದ ಭಾಷಣದಲ್ಲಿ ಬಿಟ್ಟರೆ ಬಾಯಿಗೆ ಬರುವುದಿಲ್ಲ. ನಾನು ಕಾಲಿನಿಂದ ಗರಸು ಕೆದರುತ್ತ ಕೂತೆ.

"ನೀಲಾ, ಒಂದ ಮಾತ ಕೇಳ್ತೀನಿ. ಸಿಟ್ಟ ಆಗಬ್ಯಾಡ," ಎಂದರು ಅಕ್ಕ.

"ಕೇಳಕ್ಕ."

"ಕೂಸಿಗಿ ಏನ ಹೆಸರ ಇಡಬೇಕಂತ ಮಾಡಿದ್ದಿ?"

ನನ್ನ ತಾಯಿ ಕೇಳಿರಲಿಲ್ಲ. ಗಂಡ ಕೇಳಿರಲಿಲ್ಲ. ಹೆಸರು ಮಾತ್ರ ನನ್ನ ಹತ್ತಿರ ಇತ್ತು, ಹೊಟ್ಟೆಯಲ್ಲಿ ಅವಳು ಮಿಸುಕಾಡಿದ ದಿನದಿಂದ ಇತ್ತು. ತೊಟ್ಟಿಲ ದಿನ ಹೇಳಿದರಾಯಿತೆಂದು ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ. ಕೃಷ್ಣೆಯ ನೀರು ನಮ್ಮ ಹೊಲಗಳಿಗೆ ಬರಲಿದ್ದ ಕಾಲವಲ್ಲವೇ, ಆ ಹೊಳೆಯ ಹೆಸರೇ ಇರಲಿ ಎಂದುಕೊಂಡಿದ್ದೆ.

"ಕೃಷ್ಣವೇಣಿ," ಎಂದೆ.

ಅಕ್ಕ "ಪಾಪ" ಎನ್ನಲಿಲ್ಲ, ಅಳಲೂ ಇಲ್ಲ. ಎದ್ದು ನಿಂತು ಸೆರಗು ಸಿಗಿಸಿದರು. ಮುಂದೆ ತೊಟ್ಟಿಲು ಇದೆಯೇನೋ ಎಂಬಂತೆ ಬಾಗಿ, ಬಾಯಿಗೆ ಕೈ ಮರೆಮಾಡಿ, ಮೊದಲು ಮೆಲ್ಲಗೆ "ಕೃಷ್ಣವೇಣಿ" ಎಂದರು. ಆಮೇಲೆ ಜೋರಾಗಿ ಎಂದರು. ಹೇಳಿದವರು ಎದ್ದು ನಿಲ್ಲಲಿಲ್ಲ, ಬಾಗಿಕೊಂಡೇ ಇದ್ದರು.

"ನೋಡ್ಕೋತ ಯಾಕ ಕುಂತಿ? ಗುದ್ದು."

ನಮ್ಮಲ್ಲಿ ಹೆಸರಿಡುವಾಗ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳುತ್ತಾಳೆ, ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಗುದ್ದಿದರೇ ಹೆಸರು ಇಟ್ಟಂತೆ. ನಾನು ಎದ್ದು, ಮೆಲ್ಲಗೆ ಅವರ ಬೆನ್ನು ಮುಟ್ಟಿದೆ.

"ಇಷ್ಟ ಮೆತ್ತಗ ಗುದ್ದಿದ್ರ ಹೆಸರ ನಿಂದ್ರಂಗಿಲ್ಲವ್ವ. ಜೋರ ಗುದ್ದು."

ಗುದ್ದಿದೆ. ಅಳುತ್ತ, ನಗುತ್ತ, ಕೈ ನೋಯುವ ಹಾಗೆ ಗುದ್ದಿದೆ. ನನ್ನ ಮಗಳಿಗೆ ಹೆಸರಿಟ್ಟದ್ದು ಹೀಗೆ.